ಗಡುವು ಏಕೆ ತಪ್ಪುತ್ತದೆ? ಸಾಫ್ಟ್‌ವೇರ್ ತಂಡಗಳ ಬಗ್ಗೆ ಅಧ್ಯಯನಗಳು ಹೇಳುವುದು



ನಿಮ್ಮ ಅಂತಿಮ ವರ್ಷದ ಪ್ರಾಜೆಕ್ಟ್ ವರದಿ ಯಾವ ದಿನ ಮುಗಿಯುತ್ತದೆ ಎಂದು ಯಾರಾದರೂ ಕೇಳಿದರೆ ನೀವು ಏನು ಉತ್ತರ ಕೊಡುತ್ತೀರಿ? ಕೆನಡಾ ದೇಶದಲ್ಲಿ ರೋಜರ್ ಬ್ಯೂಲರ್ ಮತ್ತು ಅವರ ಸಂಗಡಿಗರು ಇದೇ ಪ್ರಶ್ನೆಯನ್ನು ಮನಶ್ಶಾಸ್ತ್ರ ಓದುತ್ತಿದ್ದ 37 ವಿದ್ಯಾರ್ಥಿಗಳಿಗೆ ಕೇಳಿದರು. ಅಧ್ಯಯನ ಪ್ರಕಟವಾದದ್ದು 1994ರಲ್ಲಿ. ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಎಂದಾಗ ವಿದ್ಯಾರ್ಥಿಗಳು ಹೇಳಿದ ಸರಾಸರಿ ಸುಮಾರು 34 ದಿನ. ಸರಿ, ಎಲ್ಲವೂ ಕೈಕೊಟ್ಟರೆ ಎಷ್ಟು ದಿನ ಎಂದು ಮತ್ತೆ ಕೇಳಿದರು. ಆಗ ಬಂದ ಉತ್ತರ ಸುಮಾರು 49 ದಿನ. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ತಾವು ಹೇಳಿದ ಕಾಲದೊಳಗೆ ಮುಗಿಸಿದವರು ಹತ್ತು ಜನರಲ್ಲಿ ಮೂವರು ಮಾತ್ರ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಕೆಟ್ಟದ್ದನ್ನೇ ಊಹಿಸಿ ಎಂದು ಹೇಳಿದ ಮೇಲೂ ಅವರು ಊಹಿಸಿದ್ದು ಸಾಲದೇ ಹೋಯಿತು. ಆ ವಿದ್ಯಾರ್ಥಿಗಳು ಸೋಮಾರಿಗಳೂ ಅಲ್ಲ, ಸುಳ್ಳುಗಾರರೂ ಅಲ್ಲ. ಮನುಷ್ಯನ ಮನಸ್ಸು ಮುಂದಿನ ಕೆಲಸವನ್ನು ಲೆಕ್ಕ ಹಾಕುವ ರೀತಿಯೇ ಹಾಗೆ. ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ ಎಂಬ ವಿದ್ವಾಂಸರು 1979ರಲ್ಲೇ ಈ ಲೋಪಕ್ಕೆ ಯೋಜನಾ ಭ್ರಮೆ ಎಂಬ ಅರ್ಥದ ಹೆಸರಿಟ್ಟಿದ್ದರು. ಒಬ್ಬರೇ ಬರೆಯುವ ಪ್ರಬಂಧದಲ್ಲೇ ಹೀಗಾದರೆ, ಎಂಟು ಹತ್ತು ಮಂದಿ ಸೇರಿ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಏನಾದೀತು? ನಿಮ್ಮಲ್ಲಿ ಹಲವರು ನಾಳೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಂಗಳೂರಿನಲ್ಲೋ ಇಂಥ ತಂಡಗಳನ್ನು ಸೇರುವವರು. ಆದ್ದರಿಂದ ಈ ವಿಷಯ ನಿಮಗೆ ದೂರದ್ದಲ್ಲ.

ಸಾಫ್ಟ್‌ವೇರ್ ತಡವಾಗುತ್ತದೆ, ಖರ್ಚು ಮೀರುತ್ತದೆ, ಬಂದಾಗಲೂ ತಪ್ಪಿನಿಂದ ಕೂಡಿರುತ್ತದೆ ಎಂಬ ದೂರು ಬಹಳ ಹಳೆಯದು. 1968ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ತಜ್ಞರು ಸಭೆ ಸೇರಿ ಚರ್ಚಿಸಿದ್ದು ಇದನ್ನೇ. ಆಗ ಹೊಳೆದ ಸಹಜ ಉಪಾಯವೆಂದರೆ ಮನೆ ಕಟ್ಟುವಂತೆ ಹಂತ ಹಂತವಾಗಿ ಹೋಗುವುದು. ಮೊದಲು ಬೇಡಿಕೆಗಳನ್ನೆಲ್ಲ ಬರೆದುಕೊಳ್ಳುವುದು, ಆಮೇಲೆ ನಕ್ಷೆ, ಆಮೇಲೆ ಪ್ರೋಗ್ರಾಮ್, ಕೊನೆಗೆ ಪರೀಕ್ಷೆ. ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುವಂತಿರುವ ಈ ಕ್ರಮಕ್ಕೆ ಜಲಪಾತ ವಿಧಾನ ಎಂಬ ಹೆಸರು ಬಿತ್ತು. ಇದರ ಚಿತ್ರವನ್ನು 1970ರಲ್ಲಿ ತಮ್ಮ ಲೇಖನದಲ್ಲಿ ಬರೆದು ತೋರಿಸಿದ ವಿನ್‌ಸ್ಟನ್ ರಾಯ್ಸ್ ಅವರು ಅದೇ ಲೇಖನದಲ್ಲಿ, ಹೀಗೆ ಮಾಡಿದರೆ ಅಪಾಯವಿದೆ, ಪರೀಕ್ಷೆಯ ಹಂತ ಕೊನೆಗೆ ಬರುವುದರಿಂದ ತಪ್ಪು ತಿಳಿಯುವುದೂ ಕೊನೆಗೇ ಎಂದು ಎಚ್ಚರಿಸಿದ್ದರು. ಲೋಕ ಚಿತ್ರವನ್ನು ಇಟ್ಟುಕೊಂಡಿತು, ಎಚ್ಚರಿಕೆಯನ್ನು ಬಿಟ್ಟಿತು!

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಗಿರಿಧಾಮದಲ್ಲಿ 17 ಮಂದಿ ಪ್ರೋಗ್ರಾಮರುಗಳು ಸೇರಿ ಬೇರೆ ದಾರಿಯೊಂದನ್ನು ಘೋಷಿಸಿದರು. ಅದೇ ಅಜೈಲ್. ಅಂದರೆ ಚುರುಕಾದದ್ದು, ಬೇಕೆಂದಾಗ ಮೈ ತಿರುಗಿಸಬಲ್ಲದ್ದು. ಕೆಲಸವನ್ನು ಚಿಕ್ಕ ತುಂಡುಗಳಾಗಿ ಮಾಡಿ, ಒಂದೆರಡು ವಾರಕ್ಕೊಮ್ಮೆ ನಿಜವಾಗಿ ಓಡುವ ಏನನ್ನಾದರೂ ಬಳಕೆದಾರರ ಮುಂದಿಟ್ಟು, ಅವರು ಹೇಳಿದ್ದನ್ನು ಕೇಳಿ ಮುಂದಿನ ತುಂಡನ್ನು ತಿದ್ದಿಕೊಳ್ಳುವುದು ಇದರ ತಿರುಳು. ಸ್ಕ್ರಮ್, ಕಾನ್‌ಬಾನ್, ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಮುಂತಾದವು ಈ ಕುಟುಂಬದ ಬೇರೆ ಬೇರೆ ಪದ್ಧತಿಗಳು. ದಿನವೂ ನಿಂತುಕೊಂಡೇ ನಡೆಸುವ ಕಿರುಸಭೆ, ಎರಡು ವಾರದ ಕೊನೆಗೆ ಹಿನ್ನೋಟ ಸಭೆ, ಗೋಡೆಯ ಮೇಲೆ ಬಣ್ಣಬಣ್ಣದ ಚೀಟಿಗಳು ಇವುಗಳ ಹೊರಲಕ್ಷಣ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಪದ್ಧತಿಗಳಲ್ಲಿ ನಿಜಕ್ಕೂ ಕೆಲಸ ಮಾಡುವಂಥದ್ದು ಯಾವುದು, ಬರೀ ಸಂಪ್ರದಾಯವಾಗಿ ಉಳಿದಿರುವುದು ಯಾವುದು? ಅಜೈಲ್ ಬಗ್ಗೆ ಬೋಧಿಸುವವರಿಗೂ ಪ್ರಮಾಣಪತ್ರ ಮಾರುವವರಿಗೂ ಕೊರತೆಯಿಲ್ಲ. ಆದರೆ ನಮ್ಮ ತಂಡದಲ್ಲಿ ಇದು ಚೆನ್ನಾಗಿ ನಡೆಯಿತು ಎಂದು ಒಬ್ಬರು ಹೇಳುವುದು ಒಂದು ಬಗೆಯ ಸಾಕ್ಷ್ಯ. ಹತ್ತಾರು ತಂಡಗಳನ್ನು ಹೋಲಿಸಿ ನೋಡುವುದು ಇನ್ನೊಂದು ಬಗೆ. ಅಂಥ ಹಲವು ಹೋಲಿಕೆಗಳನ್ನು ಒಟ್ಟುಗೂಡಿಸಿ ತೂಗುವುದು ಮತ್ತೂ ಒಂದು ಬಗೆ. ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಹೈದರಾಬಾದಿನ ಒಂದು ತಂಡ

ಮೊದಲ ಬಗೆಯ ಸಾಕ್ಷ್ಯಕ್ಕೆ ನಮ್ಮ ನೆರೆಯ ಹೈದರಾಬಾದಿನಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. 2004ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಒಳಬಳಕೆಯ ಸಾಫ್ಟ್‌ವೇರ್‌ಗಳಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿಕೊಡುವ ತಂಡವೊಂದು ಅಲ್ಲಿತ್ತು. ಮೂವರು ಪ್ರೋಗ್ರಾಮರುಗಳು, ಮೂವರು ಪರೀಕ್ಷಕರು. ಅರ್ಜಿ ಕೊಟ್ಟವರು ಕೆಲಸ ಆಗುವುದಕ್ಕೆ ಸುಮಾರು ಐದು ತಿಂಗಳು ಕಾಯಬೇಕಾಗಿತ್ತು. ಸಂಸ್ಥೆಯಲ್ಲಿ ಆ ವಿಭಾಗಕ್ಕೆ ಇದ್ದ ಹೆಸರು ಅಷ್ಟಕ್ಕಷ್ಟೆ. ಹಾಗೆಂದು ಕೆಲಸಗಾರರು ಅಸಮರ್ಥರಾಗಿರಲಿಲ್ಲ. ಅವರು ಅನುಸರಿಸುತ್ತಿದ್ದ ಗುಣಮಟ್ಟದ ಕ್ರಮ ಉನ್ನತ ದರ್ಜೆಯದೇ ಆಗಿತ್ತು.

ಆಗ ಹೊಣೆ ವಹಿಸಿಕೊಂಡ ಡ್ರಾಗೋಸ್ ಡುಮಿಟ್ರಿಯು ಅವರು ಡೇವಿಡ್ ಆಂಡರ್‌ಸನ್ ಅವರ ಸಲಹೆ ಕೇಳಿದರು. ಇಬ್ಬರೂ ಕೂತು ದಿನದ ಹೊತ್ತು ಎಲ್ಲಿ ಹೋಗುತ್ತಿದೆ ಎಂದು ನೋಡಿದಾಗ ಬೆಳಕಿಗೆ ಬಂದದ್ದು ವಿಚಿತ್ರ. ಬಂದ ಪ್ರತಿ ಅರ್ಜಿಗೂ ಎಷ್ಟು ದಿನ ಹಿಡಿಯಬಹುದು ಎಂದು ಒಡನೆಯೇ ಅಂದಾಜು ಕೊಡಬೇಕೆಂಬ ನಿಯಮವಿತ್ತು. ಅದಕ್ಕಾಗಿ ಪ್ರೋಗ್ರಾಮರುಗಳು ಕೈಯಲ್ಲಿದ್ದ ಕೆಲಸ ಬಿಟ್ಟು ಹಳೆಯ ಪ್ರೋಗ್ರಾಮುಗಳನ್ನು ತೆರೆದು ಓದಬೇಕಿತ್ತು. ಹೀಗೆ ಅಂದಾಜು ಹಾಕಿದ ಅರ್ಜಿಗಳಲ್ಲಿ ಎಷ್ಟೋ ಕೊನೆಗೆ ಕೆಲಸಕ್ಕೆ ಬರುತ್ತಲೇ ಇರಲಿಲ್ಲ. ತಿನ್ನದ ಊಟಕ್ಕೆ ಅಕ್ಕಿ ಅಳೆದಂತೆ!

ಅವರು ಮಾಡಿದ ಬದಲಾವಣೆ ಸರಳ. ಅಂದಾಜು ಹಾಕುವುದನ್ನು ನಿಲ್ಲಿಸಿದರು. ಪ್ರೋಗ್ರಾಮರುಗಳ ಮುಂದೆ ಒಂದು ಸಮಯಕ್ಕೆ ಇಷ್ಟೇ ಕೆಲಸ ಇರಬೇಕು ಎಂದು ಮಿತಿ ಹಾಕಿದರು. ಒಂದು ಸ್ಥಾನ ಖಾಲಿಯಾದಾಗ ಮಾತ್ರ ಅರ್ಜಿದಾರ ವಿಭಾಗಗಳು ಸೇರಿ ಮುಂದಿನದು ಯಾವುದು ಎಂದು ಆರಿಸಬೇಕು. ಒಂಬತ್ತು ತಿಂಗಳಲ್ಲಿ ಕಾಯುವ ಅವಧಿ ಎರಡು ವಾರದ ಆಸುಪಾಸಿಗೆ ಇಳಿಯಿತು, ಬಾಕಿ ಕೆಲಸಗಳ ರಾಶಿ ಕರಗಿತು. ನಂತರ ಒಂದಿಬ್ಬರನ್ನು ತಂಡಕ್ಕೆ ಸೇರಿಸಿದ್ದೂ ನಿಜ. ಆದರೆ ಮೊದಲ ದೊಡ್ಡ ಸುಧಾರಣೆ ಬಂದದ್ದು ಹೊಸಬರಿಂದ ಅಲ್ಲ, ಕೆಲಸ ಒಳಬಿಡುವ ಕ್ರಮದಿಂದ. ಇದನ್ನು ವರದಿ ಮಾಡಿದವರು ಬದಲಾವಣೆ ಮಾಡಿದವರೇ; ಹೋಲಿಸಲು ಪಕ್ಕದಲ್ಲಿ ಇನ್ನೊಂದು ತಂಡ ಇರಲಿಲ್ಲ. ಇದನ್ನೊಂದನ್ನೇ ನಂಬಿ ಕುಳಿತುಕೊಳ್ಳುವಂತಿಲ್ಲ.

ಹಾಗಿದ್ದರೂ ನಾನು ಈ ಪ್ರಕರಣಕ್ಕೆ ಬೆಲೆ ಕೊಡುವುದಕ್ಕೆ ಕಾರಣವಿದೆ. ಇದರ ಹಿಂದೆ ಒಂದು ಗಣಿತವಿದೆ. ನೀವು ದರ್ಶಿನಿಯೊಂದರಲ್ಲಿ ತಿಂಡಿಗೆ ಸಾಲು ನಿಂತಿದ್ದೀರಿ ಎಂದುಕೊಳ್ಳಿ. ಸಾಲಿನಲ್ಲಿ ಸದಾ 20 ಜನ ಇರುತ್ತಾರೆ, ನಿಮಿಷಕ್ಕೆ ಇಬ್ಬರು ತಟ್ಟೆ ಪಡೆದು ಹೋಗುತ್ತಾರೆ. ಹಾಗಾದರೆ ಒಬ್ಬರು ಕಾಯುವ ಸರಾಸರಿ ಹೊತ್ತು 10 ನಿಮಿಷ. ಸಾಲಿನ ಉದ್ದವನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಕಾಯುವ ಹೊತ್ತು ಸಿಗುತ್ತದೆ. ಜಾನ್ ಲಿಟ್ಲ್ ಅವರು 1961ರಲ್ಲಿ ಇದನ್ನು ಗಣಿತದ ಕ್ರಮದಲ್ಲಿ ಸಾಧಿಸಿ ತೋರಿಸಿದರು. ಒಳಬರುವುದೂ ಹೊರಹೋಗುವುದೂ ದೀರ್ಘಕಾಲದಲ್ಲಿ ಸಮನಾಗಿದ್ದರೆ ಸಾಕು, ಒಳಗೆ ನಡೆಯುವುದು ಏನೇ ಇರಲಿ, ಸೂತ್ರ ನಿಲ್ಲುತ್ತದೆ. ತಂಡದ ವೇಗ ಅಷ್ಟೇ ಇದ್ದು, ಅರ್ಧ ಮಾಡಿಟ್ಟ ಕೆಲಸಗಳು 20 ಇದ್ದದ್ದು 40 ಆದರೆ, ಪ್ರತಿಯೊಂದೂ ಮುಗಿಯುವುದಕ್ಕೆ ಎರಡರಷ್ಟು ದಿನ. ಎಲ್ಲವನ್ನೂ ಇವತ್ತೇ ಶುರು ಮಾಡೋಣ ಎನ್ನುವ ಉತ್ಸಾಹವೇ ವಿಳಂಬಕ್ಕೆ ಕಾರಣವಾಗುವುದು ಹೀಗೆ.

ತಡವಾಯಿತೆಂದು ಜನ ಸೇರಿಸಿದರೂ ಆಗದು. ಐಬಿಎಂ ಸಂಸ್ಥೆಯಲ್ಲಿ ಬೃಹತ್ ಸಾಫ್ಟ್‌ವೇರ್ ಯೋಜನೆಯೊಂದನ್ನು ನಡೆಸಿದ ಫ್ರೆಡ್ ಬ್ರೂಕ್ಸ್ ಅವರು 1975ರಲ್ಲಿ ಇದರ ಕಾರಣವನ್ನು ಬಿಡಿಸಿ ಹೇಳಿದರು. ಐದು ಜನರ ತಂಡದಲ್ಲಿ ಇಬ್ಬಿಬ್ಬರ ನಡುವಿನ ಮಾತುಕತೆಯ ದಾರಿಗಳು 10. ಹತ್ತು ಜನರಾದರೆ 45. ಹೊಸಬರಿಗೆ ಕಲಿಸಲು ಕುಳಿತ ಹಳಬರ ಕೆಲಸವೂ ನಿಲ್ಲುತ್ತದೆ.

ತಪ್ಪು ಹೇಳಿಕೊಳ್ಳುವ ಧೈರ್ಯ

ಇನ್ನು ನಾನು ಹೆಚ್ಚು ಮುಖ್ಯವೆಂದು ಭಾವಿಸುವ ಭಾಗಕ್ಕೆ ಬರುತ್ತೇನೆ. ಇದು ಆರಂಭವಾಗುವುದು ಸಾಫ್ಟ್‌ವೇರ್ ಕಚೇರಿಯಲ್ಲಲ್ಲ, ಆಸ್ಪತ್ರೆಯಲ್ಲಿ.

ಹಾರ್ವರ್ಡ್‌ನ ಎಮಿ ಎಡ್ಮಂಡ್‌ಸನ್ ಅವರು 1990ರ ದಶಕದಲ್ಲಿ, ರೋಗಿಗಳಿಗೆ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ನಡೆದ ಅಧ್ಯಯನವೊಂದರಲ್ಲಿ ಭಾಗವಹಿಸಿದ್ದರು. ಒಳ್ಳೆಯ ಹೊಂದಾಣಿಕೆ ಇರುವ ವಾರ್ಡುಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ನಿರೀಕ್ಷೆ. ಯಾರಿಗಾದರೂ ಹಾಗೇ ಅನ್ನಿಸುವುದಿಲ್ಲವೇ? ಅಂಕಿಅಂಶ ಬಂದಾಗ ಫಲಿತಾಂಶ ತಲೆಕೆಳಗು. ಒಳ್ಳೆಯ ತಂಡವೆಂದು ಎಣಿಸಿದ ವಾರ್ಡುಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚು!

ಇನ್ನೊಬ್ಬರಾಗಿದ್ದರೆ ಲೆಕ್ಕ ಎಲ್ಲೋ ಎಡವಿದೆ ಎಂದು ಬದಿಗಿಡುತ್ತಿದ್ದರೇನೋ. ಎಡ್ಮಂಡ್‌ಸನ್ ಅವರು ಬೇರೊಂದು ಸಾಧ್ಯತೆಯನ್ನು ಯೋಚಿಸಿದರು. ಆ ವಾರ್ಡುಗಳಲ್ಲಿ ತಪ್ಪು ಹೆಚ್ಚು ಆಗುತ್ತಿದೆಯೋ, ಅಥವಾ ಆದ ತಪ್ಪನ್ನು ಹೆಚ್ಚಾಗಿ ಹೇಳಿಕೊಳ್ಳುತ್ತಿದ್ದಾರೋ? ಅಂಕಿಅಂಶವೇನೆಂಬುದು ಗೊತ್ತಿಲ್ಲದ ಸಹಾಯಕರೊಬ್ಬರನ್ನು ವಾರ್ಡುಗಳಿಗೆ ಕಳುಹಿಸಿ ನೋಡಿಬರಲು ಹೇಳಿದರು. ಅವರು ಕಂಡದ್ದು ಇದು: ಕೆಲವು ವಾರ್ಡುಗಳಲ್ಲಿ ದಾದಿಯರು ತಪ್ಪಾದರೆ ಮುಖ್ಯಸ್ಥೆಯ ಬಳಿ ನೇರವಾಗಿ ಹೇಳುತ್ತಿದ್ದರು, ಇನ್ನು ಕೆಲವು ಕಡೆ ಬೈಗುಳಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಎರಡನೆಯ ಬಗೆಯ ವಾರ್ಡಿನ ಕಡತದಲ್ಲಿ ತಪ್ಪು ಕಡಿಮೆ. ಹಾಸಿಗೆಯ ಮೇಲಿದ್ದ ರೋಗಿಯ ಪಾಲಿಗೆ ಕಡತದ ಆ ಸಂಖ್ಯೆಯಿಂದ ಬಂದ ಭಾಗ್ಯವೇನು?

ಇದರಿಂದ ಅವರು ತಲುಪಿದ್ದು ಮನಸ್ಸಿನ ನಿರ್ಭಯತೆ ಎಂಬ ಪರಿಕಲ್ಪನೆಗೆ. ಗೊತ್ತಿಲ್ಲ ಎಂದರೆ, ನನ್ನಿಂದ ತಪ್ಪಾಯಿತು ಎಂದರೆ, ಈ ಯೋಜನೆ ಸರಿಯಿಲ್ಲ ಎಂದರೆ ಯಾರೂ ಅವಮಾನ ಮಾಡುವುದಿಲ್ಲ ಎಂಬ ನಂಬಿಕೆ ತಂಡದೊಳಗೆ ಇರುವುದು. 1999ರಲ್ಲಿ ಅವರು ಕಾರ್ಖಾನೆಯೊಂದರ 51 ತಂಡಗಳನ್ನು ಅಭ್ಯಾಸ ಮಾಡಿ, ಇಂಥ ನಂಬಿಕೆ ಇರುವ ತಂಡಗಳು ಹೆಚ್ಚು ಕಲಿಯುತ್ತವೆ, ಕಲಿಯುವುದರಿಂದ ಅವುಗಳ ಕೆಲಸವೂ ಚೆನ್ನಾಗಿರುತ್ತದೆ ಎಂದು ತೋರಿಸಿದರು. 2012ರಲ್ಲಿ ಗೂಗಲ್ ಸಂಸ್ಥೆ ತನ್ನದೇ ಸುಮಾರು 180 ತಂಡಗಳನ್ನು ಪರಿಶೀಲಿಸಲು ಆರಂಭಿಸಿತು. ಅತಿ ಬುದ್ಧಿವಂತರನ್ನು ಒಟ್ಟು ಹಾಕಿದರೆ ಅತ್ಯುತ್ತಮ ತಂಡವಾಗುತ್ತದೆ ಎಂಬ ಊಹೆ ಅಲ್ಲಿ ನಿಲ್ಲಲಿಲ್ಲ. ತಂಡದಲ್ಲಿ ಯಾರಿದ್ದಾರೆ ಎನ್ನುವುದಕ್ಕಿಂತ ಅವರು ಪರಸ್ಪರ ಹೇಗೆ ನಡೆದುಕೊಳ್ಳುತ್ತಾರೆ ಎನ್ನುವುದೇ ಹೆಚ್ಚು ಮುಖ್ಯವಾಗಿ ಕಂಡಿತು, ಅದರಲ್ಲೂ ಮೊದಲ ಸ್ಥಾನ ಈ ನಿರ್ಭಯತೆಗೇ ಸಿಕ್ಕಿತು.

ನಮ್ಮ ತರಗತಿಗಳನ್ನು ಒಮ್ಮೆ ನೆನೆಸಿಕೊಳ್ಳಿ. ಅರ್ಥವಾಗಿಲ್ಲ ಎಂದು ಎದ್ದು ನಿಲ್ಲುವವರು ಎಷ್ಟು ಜನ? ಅರ್ಥವಾಯಿತೇ ಎಂದು ಮೇಷ್ಟ್ರು ಕೇಳಿದರೆ ಹೂಂ ಎಂದು ತಲೆಯಾಡಿಸುವ ಅಭ್ಯಾಸ ಹೊತ್ತುಕೊಂಡೇ ನಾವು ಕೆಲಸಕ್ಕೆ ಸೇರುತ್ತೇವೆ. ದಿನದ ಕಿರುಸಭೆಯಲ್ಲಿ ಸರದಿಯ ಪ್ರಕಾರ ಎಲ್ಲರೂ ಎಲ್ಲವೂ ಸರಿಯಾಗಿದೆ ಎನ್ನುತ್ತಾರೆ, ಗಡುವಿನ ಹಿಂದಿನ ದಿನ ಯಾವುದೂ ಸರಿಯಿಲ್ಲ ಎಂದು ಗೊತ್ತಾಗುತ್ತದೆ. ನಾರ್ವೆ ದೇಶದ ವಿಕ್ಟೋರಿಯಾ ಸ್ಟ್ರೇ ಮತ್ತು ಸಂಗಡಿಗರು ಇಂಥ ಸಭೆಗಳನ್ನು ಹತ್ತಿರದಿಂದ ನೋಡಿ ಬರೆದಿದ್ದಾರೆ. ಸಭೆ ಮೇಲಧಿಕಾರಿಗೆ ವರದಿ ಒಪ್ಪಿಸುವ ಕಾರ್ಯಕ್ರಮವಾದಲ್ಲಿ ಸದಸ್ಯರಿಗೆ ಅದು ಬೇಸರ. ತೊಡಕುಗಳನ್ನು ತಮ್ಮತಮ್ಮಲ್ಲೇ ಚರ್ಚಿಸಿ ಬಿಡಿಸಿಕೊಳ್ಳುವಲ್ಲಿ ಅದು ಉಪಯುಕ್ತ. ನಿಂತು ಮಾಡಿದರೋ ಕುಳಿತು ಮಾಡಿದರೋ ಎನ್ನುವುದು ಆಮೇಲಿನ ಮಾತು.

ಹಿನ್ನೋಟ ಸಭೆಗೆ ಇದಕ್ಕಿಂತ ಗಟ್ಟಿಯಾದ ಬೆಂಬಲ ಇದೆ. ಕೆಲಸ ಮುಗಿದ ಮೇಲೆ ಏನಾಗಬೇಕಿತ್ತು, ಏನಾಯಿತು, ಏಕೆ ಹೀಗಾಯಿತು ಎಂದು ಕುಳಿತು ಮಾತಾಡುವ ಪದ್ಧತಿ ಸೈನ್ಯದಲ್ಲಿ, ವಿಮಾನಯಾನದಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಮೊದಲಿನಿಂದ ಇದೆ. ಸ್ಕಾಟ್ ಟ್ಯಾನನ್‌ಬಾಮ್ ಮತ್ತು ಕ್ರಿಸ್ಟೋಫರ್ ಸೆರಾಸೋಲಿ ಅವರು 2013ರಲ್ಲಿ ಇಂಥ ಚರ್ಚೆಗಳ ಬಗೆಗಿನ 46 ಮಾದರಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಿಯಾಗಿ ನಡೆಸಿದ ಚರ್ಚೆಯಿಂದ ಕಾರ್ಯಕ್ಷಮತೆ ಸರಾಸರಿ ಶೇಕಡಾ 25ರಷ್ಟು ಏರಿತ್ತು. ಒಂದು ಗಂಟೆಯ ಮಾತಿಗೆ ಇಷ್ಟು ಫಲ ಬರುವುದಾದರೆ ಅದು ಅಗ್ಗದ ವ್ಯಾಪಾರವೇ. ಆದರೂ ಕೆಲಸದ ಒತ್ತಡ ಬಂದಾಗ ತಂಡಗಳು ಮೊದಲು ಕೈಬಿಡುವುದು ಇದನ್ನೇ ಎಂಬುದು ನನಗೆ ಯಾವಾಗಲೂ ಸೋಜಿಗ.

ಬೇಗ ಬಿಟ್ಟರೆ ತಪ್ಪು ಹೆಚ್ಚೇ?

2012ರ ಆಗಸ್ಟ್ 1ರಂದು ಅಮೆರಿಕದ ಷೇರು ವ್ಯವಹಾರದ ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆ ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರುಗಳಷ್ಟು ಹಣ ಕಳೆದುಕೊಂಡಿತು. ಹೊಸ ಪ್ರೋಗ್ರಾಮನ್ನು ಎಂಟು ಸರ್ವರುಗಳಿಗೆ ಹಾಕಬೇಕಿತ್ತು. ಏಳಕ್ಕೆ ಹಾಕಿ ಒಂದಕ್ಕೆ ಹಾಕುವುದು ಬಿಟ್ಟುಹೋಗಿತ್ತು. ಹಾಕಿದ್ದನ್ನು ಎರಡನೆಯವರು ಪರಿಶೀಲಿಸುವ ಏರ್ಪಾಡು ಇರಲಿಲ್ಲ. ಆ ಒಂದರಲ್ಲಿ ಉಳಿದಿದ್ದ ಹಳೆಯ ಪ್ರೋಗ್ರಾಮು ಎದ್ದು ಕುಳಿತು ಬೇಡದ ಖರೀದಿ ಮಾರಾಟಗಳನ್ನು ಸುರಿಮಳೆಯಂತೆ ಮಾಡತೊಡಗಿತು.

ಇಂಥದ್ದನ್ನು ಕೇಳಿದಾಗ, ಹೊಸದನ್ನು ಅಪರೂಪಕ್ಕೊಮ್ಮೆ ಬಿಡುವುದೇ ಕ್ಷೇಮ ಎಂದು ಯಾರಿಗೂ ಅನ್ನಿಸುತ್ತದೆ. ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಅವರ ಸಂಗಡಿಗರು ಸಾವಿರಾರು ಉದ್ಯೋಗಿಗಳನ್ನು ಹಲವು ವರ್ಷ ಪ್ರಶ್ನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ. ಆಗಾಗ್ಗೆ ಬಿಡುಗಡೆ ಮಾಡುವ ತಂಡಗಳಲ್ಲೇ ವೈಫಲ್ಯ ಕಡಿಮೆ, ಕೆಟ್ಟದ್ದನ್ನು ಸರಿಪಡಿಸುವ ವೇಗವೂ ಹೆಚ್ಚು. ಚಿಕ್ಕ ಬದಲಾವಣೆಯಲ್ಲಿ ತಪ್ಪಾದರೆ ಎಲ್ಲಿ ಎಂದು ಬೇಗ ಸಿಗುತ್ತದೆ. ದಿನಕ್ಕೊಮ್ಮೆ ಮಾಡುವ ಕೆಲಸವನ್ನು ಕೈಯಿಂದ ಮಾಡಲು ಬೇಸರವಾಗಿ ಯಂತ್ರಕ್ಕೆ ಒಪ್ಪಿಸುತ್ತಾರೆ; ಯಂತ್ರ ಎಂಟನೆಯ ಸರ್ವರನ್ನು ಮರೆಯುವುದಿಲ್ಲ. ಇದು ಪ್ರಶ್ನಾವಳಿಗೆ ಜನ ತಾವೇ ಕೊಟ್ಟ ಉತ್ತರದ ಮೇಲೆ ನಿಂತ ಅಧ್ಯಯನ ಎಂಬುದನ್ನು ಮರೆಯಬೇಡಿ.

ಪ್ರೋಗ್ರಾಮು ಬರೆಯುವ ಮೊದಲೇ ಅದರ ಪರೀಕ್ಷೆಯನ್ನು ಬರೆಯುವ ಪದ್ಧತಿಯ ಕಥೆ ಇನ್ನೂ ಸ್ವಾರಸ್ಯ. ಮೈಕ್ರೋಸಾಫ್ಟ್‌ನ ಮೂರು, ಐಬಿಎಂನ ಒಂದು ತಂಡವನ್ನು ಕುರಿತು 2008ರಲ್ಲಿ ಬಂದ ವರದಿಯಲ್ಲಿ ದೋಷಗಳು ಶೇಕಡಾ 40ರಿಂದ 90ರವರೆಗೆ ಇಳಿದಿದ್ದವು. ಆರಂಭದ ಕೆಲಸಕ್ಕೆ ಶೇಕಡಾ 15ರಿಂದ 35ರಷ್ಟು ಹೆಚ್ಚು ಹೊತ್ತು ಹಿಡಿದಿತ್ತು. ಆಮೇಲೆ ಡೇವಿಡೆ ಫುಚ್ಚಿ ಮತ್ತು ಸಂಗಡಿಗರು 39 ವೃತ್ತಿನಿರತರನ್ನು ಗಮನಿಸಿ, ಪರೀಕ್ಷೆ ಮೊದಲೋ ಪ್ರೋಗ್ರಾಮು ಮೊದಲೋ ಎನ್ನುವ ಅನುಕ್ರಮದಿಂದ ವ್ಯತ್ಯಾಸವಾಗುವುದಿಲ್ಲ, ಚಿಕ್ಕ ಚಿಕ್ಕ ಹೆಜ್ಜೆಗಳನ್ನು ಒಂದೇ ಲಯದಲ್ಲಿ ಇಡುವುದರಿಂದ ಲಾಭ ಎಂಬ ತೀರ್ಮಾನಕ್ಕೆ ಬಂದರು. ಹೆಸರು ಒಂದಕ್ಕೆ, ಗುಣ ಇನ್ನೊಂದಕ್ಕೆ!

ಇವೆಲ್ಲವನ್ನೂ ಒಟ್ಟಾಗಿ ನೋಡುವ ಯತ್ನವನ್ನು 2023ರಲ್ಲಿ ಕ್ರಿಸ್ಟಿಯಾನ್ ಫರ್‌ವೈಸ್ ಮತ್ತು ಡೇನಿಯಲ್ ರುಸ್ಸೋ ಮಾಡಿದರು. ಸ್ಕ್ರಮ್ ಪದ್ಧತಿಯ ಸುಮಾರು 2,000 ತಂಡಗಳು, ಸುಮಾರು 5,000 ಜನ. ತಂಡದ ಫಲಕಾರಿತ್ವ ಐದು ಅಂಶಗಳಿಗೆ ಹೆಣೆದುಕೊಂಡಿತ್ತು: ಬಳಕೆದಾರರ ಬಗ್ಗೆ ಕಾಳಜಿ, ಅವರ ಬೇಡಿಕೆಗೆ ಬೇಗ ಸ್ಪಂದಿಸುವ ಶಕ್ತಿ, ನಿರಂತರ ಸುಧಾರಣೆ, ತಂಡದ ಸ್ವಾತಂತ್ರ್ಯ, ಮೇಲಿನವರ ಬೆಂಬಲ. ಬಣ್ಣದ ಚೀಟಿಯಾಗಲಿ, ಸಭೆಯ ಹೆಸರಾಗಲಿ ಈ ಪಟ್ಟಿಯಲ್ಲಿ ಇಲ್ಲ. ಮೇಲಿನವರು ತಂಡಕ್ಕೆ ನಿರ್ಧರಿಸುವ ಅಧಿಕಾರ ಬಿಟ್ಟುಕೊಡದೆ, ಅಜೈಲ್ ಎಂಬ ಫಲಕ ಮಾತ್ರ ಬಾಗಿಲಿಗೆ ಹಾಕಿದರೆ ಪ್ರಯೋಜನ ಕಾಣದು.

ಇನ್ನೊಂದು ಮಾತು. ಎರಡು ವಾರದಲ್ಲಿ ಎಷ್ಟು ಅಂಕದ ಕೆಲಸ ಮುಗಿಯಿತು ಎಂದು ತಂಡಗಳು ಎಣಿಸುತ್ತವೆ. ಈ ಎಣಿಕೆ ತಂಡದ ಸ್ವಂತ ಉಪಯೋಗಕ್ಕೆ ಸರಿ. ಅದನ್ನೇ ಬಡ್ತಿಗೆ ಅಳತೆಗೋಲು ಮಾಡಿದ ಮರುದಿನದಿಂದ ಎರಡು ಅಂಕದ ಕೆಲಸಕ್ಕೆ ಐದು ಅಂಕ ಬೀಳತೊಡಗುತ್ತದೆ. ವಾರ್ಡಿನ ಕಡತವನ್ನು ಇಲ್ಲಿ ನೀವೇ ನೆನೆಸಿಕೊಳ್ಳಬಹುದು.

ನಿಮ್ಮ ಮುಂದಿನ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲೇ ಇದನ್ನು ಪರೀಕ್ಷಿಸಿ ನೋಡಲು ಸಾಧ್ಯ. ಹಾಸ್ಟೆಲ್ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿ ಮೂರು ಕಂಬಸಾಲು ಎಳೆಯಿರಿ: ಮಾಡಬೇಕಾದದ್ದು, ಮಾಡುತ್ತಿರುವುದು, ಮುಗಿದದ್ದು. ಪ್ರತಿ ಕೆಲಸಕ್ಕೆ ಒಂದು ಚೀಟಿ. ಅದರ ಮೇಲೆ ಶುರುವಾದ ತಾರೀಖು, ಮುಗಿದ ತಾರೀಖು. ಮೊದಲ ನಾಲ್ಕು ವಾರ ಎಂದಿನಂತೆ ನಡೆಯಲಿ. ಮುಂದಿನ ನಾಲ್ಕು ವಾರ ನಡುವಣ ಸಾಲಿನಲ್ಲಿ ತಂಡದ ಸಂಖ್ಯೆಗಿಂತ ಹೆಚ್ಚು ಚೀಟಿ ಇರಬಾರದೆಂದು ನಿಯಮ ಮಾಡಿ. ಶನಿವಾರಕ್ಕೊಮ್ಮೆ ಅರ್ಧ ಗಂಟೆ ಕುಳಿತು ಅಂಟಿಕೊಂಡ ಚೀಟಿಗಳ ಬಗ್ಗೆ ಮಾತಾಡಿ, ಮೊದಲ ಮಾತು ತಂಡದ ಮುಖಂಡನದಾಗದಿರಲಿ. ಎರಡೂ ಅವಧಿಗಳಲ್ಲಿ ಒಂದು ಚೀಟಿ ಮುಗಿಯಲು ಹಿಡಿದ ದಿನಗಳನ್ನು ಹೋಲಿಸಿ. ಹೋಲಿಸುವಾಗ ಸರಾಸರಿಯ ಬದಲು ಮಧ್ಯಾಂಕ ತೆಗೆಯಿರಿ, ಏಕೆಂದರೆ ಒಂದೆರಡು ಚೀಟಿಗಳು ಸೆಮಿಸ್ಟರ್ ಪೂರ್ತಿ ಅಲ್ಲೇ ಉಳಿದು ಸರಾಸರಿಯನ್ನು ಎಳೆದುಬಿಡುತ್ತವೆ.